ಅಡಿಗೊಂದು ಅಂಗುಲದ ರೇಸ್ ಕಾರು

ಮಕ್ಕಳೇ, ನಿಮ್ಮ ಕಂಪಾಸ್ ಬಾಕ್ಸಿನ ಸ್ಕೇಲನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಒಂದು ಅಂಚಿನಲ್ಲಿ ಸೆಂಟಿಮೀಟರ್, ಇನ್ನೊಂದು ಅಂಚಿನಲ್ಲಿ ಅಂಗುಲ. ಅಂಗುಲದ ಕಡೆ ಈಗ ಯಾರೂ ತಿರುಗಿ ನೋಡುವುದಿಲ್ಲ. ನಾನು ಶಾಲೆಯಲ್ಲಿದ್ದಾಗಲೇ ಮೆಟ್ರಿಕ್ ಪದ್ಧತಿ ಬಂತಾದರೂ ಮನೆಗೆ ಬರುತ್ತಿದ್ದ ಬಡಗಿ, ಗಾರೆ ಕೆಲಸದವರು, ಪೇಟೆಯ ದರ್ಜಿ ಎಲ್ಲರ ಬಾಯಲ್ಲೂ ಇದ್ದದ್ದು ಅಡಿ, ಅಂಗುಲವೇ. ಹನ್ನೆರಡು ಅಂಗುಲಕ್ಕೆ ಒಂದು ಅಡಿ. ಎಪ್ಪತ್ತು ದಾಟಿದ ಮೇಲೆ ಈ ಹಳೆಯ ಲೆಕ್ಕ ನನಗೆ ಮತ್ತೆ ಉಪಯೋಗಕ್ಕೆ ಬಂತು. ಬಂದದ್ದು ಒಂದು ರೇಸ್ ಕಾರಿನ ಮಾದರಿ ಕಟ್ಟುವಾಗ.

ಆ ಕಿಟ್‌ನ ಪೆಟ್ಟಿಗೆಯ ಮೇಲೆ 1/12 ಎಂದು ಬರೆದಿತ್ತು. ಇದು ಪ್ರಮಾಣ. ನಿಜವಾದ ಕಾರಿನಲ್ಲಿ ಹನ್ನೆರಡು ಅಂಗುಲ ಇದ್ದದ್ದು ಮಾದರಿಯಲ್ಲಿ ಒಂದು ಅಂಗುಲ ಆಗಿರುತ್ತದೆ. ಅಂದರೆ ಅಡಿಗೊಂದು ಅಂಗುಲ, ಅಷ್ಟೇ. ನಾವು ಕಟ್ಟಿದ ಕಾರಿನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ನಿಜದಲ್ಲಿ ಸುಮಾರು 8 ಅಡಿ. ನಮ್ಮ ಮಾದರಿಯಲ್ಲಿ ಅಳೆದು ನೋಡಿದೆವು, ಸುಮಾರು 8 ಅಂಗುಲ ಬಂತು. 

ಆರನೇ ತರಗತಿ ಓದುವ ಮೊಮ್ಮಗಳಿಗೆ ಇಲ್ಲೊಂದು ಪ್ರಶ್ನೆ ಕೇಳಿದೆ. ನಿಜವಾದ ಕಾರಿನ ತೂಕ ಸುಮಾರು 500 ಕೆ.ಜಿ. ಅದೇ ಲೋಹ, ಅದೇ ರಬ್ಬರಿನಲ್ಲಿ ಹನ್ನೆರಡರಲ್ಲಿ ಒಂದು ಪಾಲಿನ ಕಾರು ಮಾಡಿದರೆ ಅದರ ತೂಕ ಎಷ್ಟು? ಅವಳು 500ನ್ನು 12ರಿಂದ ಭಾಗಿಸಿ ಸುಮಾರು 42 ಕೆ.ಜಿ. ಎಂದಳು. ಮೇಜಿನ ಮೇಲಿಡುವ ಕಾರು 42 ಕೆ.ಜಿ. ಇರಲು ಸಾಧ್ಯವೇ? ಉದ್ದ ಹನ್ನೆರಡರಲ್ಲಿ ಒಂದು ಪಾಲಾದರೆ ಅಗಲವೂ ಹಾಗೆಯೇ, ಎತ್ತರವೂ ಹಾಗೆಯೇ. ಆದ್ದರಿಂದ 12ನ್ನು ಮೂರು ಸಲ ಗುಣಿಸಬೇಕು. 1728 ಬರುತ್ತದೆ. 500 ಕೆ.ಜಿ.ಯನ್ನು 1728ರಿಂದ ಭಾಗಿಸಿದರೆ ಸುಮಾರು 290 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟು ತೂಕದ ಈರುಳ್ಳಿ ಇಟ್ಟು ತೋರಿಸಿದ ಮೇಲೆ ಅವಳಿಗೆ ನಂಬಿಕೆ ಬಂತು.

ಇನ್ನು ಆ ಕಾರು ಯಾವುದು ಎಂದು ಹೇಳಬೇಕು. ಅದರ ಹೆಸರು ಲೋಟಸ್ 49. ಹುಟ್ಟಿದ್ದು 1967ರಲ್ಲಿ, ಇಂಗ್ಲೆಂಡಿನಲ್ಲಿ. ಕಿಟ್ ಬಂದದ್ದು ಜಪಾನಿನಿಂದ. ಅಲ್ಲಿಯ ಶಿಜುವೊಕಾ ಎಂಬ ಊರಿನಲ್ಲಿ ತಮಿಯಾ ಎಂಬ ಕಂಪನಿ ಇದೆ. 1946ರಲ್ಲಿ ಅದು ಶುರುವಾದದ್ದು ಮರ ಕೊಯ್ಯುವ ಮಿಲ್ಲಾಗಿ. ಆಮೇಲೆ ಮರದ ಆಟಿಕೆ ಹಡಗು, ವಿಮಾನಗಳ ಮಾದರಿ ಮಾಡತೊಡಗಿದರು. 1960ರಲ್ಲಿ ಪ್ಲಾಸ್ಟಿಕ್‌ಗೆ ಕೈ ಹಾಕಿದರು. ಇಂದು ಜಗತ್ತಿನಲ್ಲಿ ಮಾದರಿ ಕಟ್ಟುವ ಹವ್ಯಾಸದವರಿಗೆಲ್ಲ ಕೆಂಪು–ನೀಲಿ ಬಣ್ಣದ ಅವರ ಜೋಡಿ ನಕ್ಷತ್ರದ ಗುರುತು ಚೆನ್ನಾಗಿ ಗೊತ್ತು. ನನ್ನ ಮಗ ಕೆಲಸದ ಮೇಲೆ ಜಪಾನಿಗೆ ಹೋದವನು ಇದನ್ನು ತಂದ. ಮೊಮ್ಮಗಳು ದಸರಾ ರಜೆಗೆ ಶಿವಮೊಗ್ಗದ ನಮ್ಮ ಮನೆಗೆ ಬರುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಬಂದಳಂತೆ.

ಪೆಟ್ಟಿಗೆ ತೆರೆದರೆ ಕಾರಿನ ಗುರುತೇ ಇಲ್ಲ. ಕಿಟಕಿಯ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಲ್ಲಿ ಮಾವಿನ ಗೊಂಚಲಿನಂತೆ ತೂಗುವ ಸಣ್ಣ ಸಣ್ಣ ತುಂಡುಗಳು. ಪ್ರತಿ ತುಂಡಿನ ಪಕ್ಕದಲ್ಲಿ ಒಂದು ಸಂಖ್ಯೆ. ಜೊತೆಗೆ ರಬ್ಬರಿನ ನಾಲ್ಕು ಟೈರು, ಸ್ಪ್ರಿಂಗುಗಳು, ಸಣ್ಣ ಕೊಳವೆ, ಅಂಟಿಸುವ ಚಿತ್ರಗಳ ಹಾಳೆ, ಮತ್ತು ಹಂತಹಂತವಾಗಿ ಚಿತ್ರ ಬರೆದು ತೋರಿಸುವ ಪುಸ್ತಿಕೆ. ಮೊಮ್ಮಗಳು ಕೂಡಲೇ ಕತ್ತರಿ ಹಿಡಿದಳು. ನಾನು ತಡೆದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಮೊದಲು ಪಟ್ಟಿಯ ಪ್ರಕಾರ ಎಲ್ಲ ತುಂಡುಗಳೂ ಇವೆಯೇ ಎಂದು ಎಣಿಸೋಣ ಎಂದೆ. ಅವಳು ಸಂಖ್ಯೆ ಓದುವುದು, ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು. ಒಂದು ಗಂಟೆ ಹಿಡಿಯಿತು. ಎಲ್ಲ ಟ್ಯಾಲಿ ಆಯಿತು. ಈ ಎಣಿಕೆ ಮುಂದೆ ಒಂದು ಮುಖ್ಯ ಮಾತಿಗೆ ದಾರಿಯಾಯಿತು, ಅದಕ್ಕೆ ಬರುತ್ತೇನೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ತುಂಡು ಬಿಡಿಸಲು ಒಂದು ಸಣ್ಣ ನಿಪ್ಪರ್, ಒಂದು ಹರಿತವಾದ ಚಾಕು, ಒಂದು ಚಿಮುಟ, ನಯವಾದ ಸ್ಯಾಂಡ್ ಪೇಪರ್, ಎರಡು ಕುಂಚ. ಅಂಟು ಒಣಗುವವರೆಗೆ ಹಿಡಿದಿಡಲು ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು. ಬಣ್ಣ ಬಳಿಯುವಾಗ ತುಂಡನ್ನು ಚುಚ್ಚಿ ಹಿಡಿಯಲು ಉರಿದು ಉಳಿದ ಊದುಬತ್ತಿ ಕಡ್ಡಿ. ನನಗೆ ಹೆಚ್ಚುವರಿಯಾಗಿ ಒಂದು ಭೂತಗನ್ನಡಿ. ಚಾಕುವಿನ ಕೆಲಸ ದೊಡ್ಡವರದ್ದು, ಇದರಲ್ಲಿ ರಾಜಿ ಬೇಡ. ಕತ್ತರಿಸುವ ಮೊದಲು ಚೌಕಟ್ಟುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಎಣ್ಣೆಯ ಅಂಶ ಪ್ಲಾಸ್ಟಿಕ್ ಮೇಲೆ ಉಳಿದಿದ್ದರೆ ಬಣ್ಣ ಕಚ್ಚುವುದಿಲ್ಲ. ಬಿಡಿ ತುಂಡುಗಳು ಮೋರಿಗೆ ಹೋಗದಂತೆ ಟೀ ಸೋಸುವ ಜರಡಿಯಲ್ಲಿ ಹಾಕಿ ತೊಳೆದೆವು. “ರೀ, ನಾಳೆ ಬೆಳಿಗ್ಗೆ ಟೀ ಯಾವುದರಲ್ಲಿ ಸೋಸಲಿ?” ಎಂದು ನಮ್ಮ ಮನೆಯವರು ಕೇಳಿದರು. ಮಾರನೆಯ ದಿನ ಹೊಸ ಜರಡಿ ಬಂತು.

ಅಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ನಿಜವಾದ ವಿಜ್ಞಾನ ಇದೆ. ನಾವು ಕಾಗದಕ್ಕೆ, ಮರಕ್ಕೆ ಹಚ್ಚುವ ಬಿಳಿ ಅಂಟು ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನಿಮ್ಮ ಶಾಲೆಯ ಪ್ರಾಜೆಕ್ಟಿಗೆ ತರುವ ಥರ್ಮಾಕೋಲ್ ಕೂಡ ಇದೇ, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಇದಕ್ಕೆಂದೇ ಸಿಗುವ ದ್ರವದ ಅಂಟು ನಿಜ ಹೇಳಬೇಕೆಂದರೆ ಅಂಟೇ ಅಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಎರಡು ತುಂಡುಗಳ ಅಂಚು ಸ್ವಲ್ಪ ಕರಗಿ, ಒಂದರೊಳಗೊಂದು ಬೆರೆತು, ದ್ರವ ಆರಿಹೋದ ಮೇಲೆ ಒಂದೇ ತುಂಡಾಗುತ್ತದೆ. ಲೋಹಕ್ಕೆ ವೆಲ್ಡಿಂಗ್ ಮಾಡಿದ ಹಾಗೆ. ಆದ್ದರಿಂದಲೇ ಒಂದು ಹನಿ ಸಾಕು. ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು, ಅದರ ವಾಸನೆ ಒಳ್ಳೆಯದಲ್ಲ. ಗಾಳಿತಡೆಯ ಪಾರದರ್ಶಕ ಗಾಜಿನ ತುಂಡಿಗೆ ಮಾತ್ರ ಇದನ್ನೂ ಹಚ್ಚಬಾರದು, ಕ್ಷಣದಲ್ಲಿ ಅಂಟುವ ಅಂಟನ್ನೂ ಹಚ್ಚಬಾರದು. ಮೊದಲನೆಯದು ಗಾಜನ್ನು ಕರಗಿಸುತ್ತದೆ, ಎರಡನೆಯದು ಬಿಳಿ ಮಂಜು ಕೂರಿಸುತ್ತದೆ. ಅಲ್ಲಿಗೆ ನಮ್ಮ ಬಿಳಿ ಅಂಟೇ ಸರಿ. ಒಣಗಿದ ಮೇಲೆ ಕಾಣಿಸುವುದಿಲ್ಲ, ಹಗುರವಾದ ಆ ತುಂಡನ್ನು ಹಿಡಿದಿಡುವಷ್ಟು ಶಕ್ತಿಯೂ ಇದೆ.

ಕೆಲಸ ಹಂಚಿಕೊಂಡೆವು. ನನ್ನ ಬಲಗೈ ಬೆಳಗಿನ ಹೊತ್ತು ಸ್ವಲ್ಪ ನಡುಗುತ್ತದೆ. ಆದ್ದರಿಂದ ಸಣ್ಣ ತುಂಡುಗಳನ್ನು ಕೂರಿಸುವುದು ಅವಳು. ಚಿತ್ರ ನೋಡಿ ಯಾವ ತುಂಡು, ಯಾವ ಕಡೆಗೆ ಎಂದು ಹೇಳುವುದು, ಉಜ್ಜುವುದು, ಕಾಯುವುದು ನಾನು. ಕಾಯುವುದನ್ನು ಕೆಲಸ ಎಂದು ಯಾಕೆ ಎಣಿಸಿದೆ ಎಂದರೆ, ಇದರಲ್ಲಿ ಅರ್ಧಕ್ಕರ್ಧ ಅದೇ. ಮಣಿಕಟ್ಟನ್ನು ಎರಡು ದಪ್ಪ ಪುಸ್ತಕಗಳ ಮೇಲೆ ಊರಿಕೊಂಡರೆ ಕುಂಚ ಹಿಡಿದ ಕೈ ನಡುಗುವುದಿಲ್ಲ ಎಂಬುದನ್ನು ಮೂರನೆಯ ದಿನ ಕಂಡುಕೊಂಡೆ. ನನ್ನ ವಯಸ್ಸಿನವರು ಇದನ್ನು ಗಮನಿಸಿ. ಆಮೇಲೆ ಎಂಜಿನ್ನಿನ ಬಣ್ಣವೆಲ್ಲ ನನ್ನ ಪಾಲಿಗೇ ಬಂತು.

ಆ ಎಂಜಿನ್ನಿನ ಕಥೆ ಹೇಳದಿದ್ದರೆ ಈ ಕಾರು ಯಾಕೆ ದೊಡ್ಡದು ಎಂಬುದು ತಿಳಿಯುವುದಿಲ್ಲ. ಫಾರ್ಮುಲಾ ಒನ್ ಎಂಬ ಕಾರು ಓಟದಲ್ಲಿ 1966ರಿಂದ ನಿಯಮ ಬದಲಾಯಿತು. ಅಲ್ಲಿಯವರೆಗೆ ಒಂದೂವರೆ ಲೀಟರಿನ ಎಂಜಿನ್. ಆಮೇಲೆ ಮೂರು ಲೀಟರಿನವರೆಗೆ ಇಡಬಹುದು ಎಂದಾಯಿತು. ಲೋಟಸ್ ಕಂಪನಿಯ ಯಜಮಾನ ಕಾಲಿನ್ ಚಾಪ್‌ಮನ್ ಹತ್ತಿರ ಒಳ್ಳೆಯ ಮೂರು ಲೀಟರ್ ಎಂಜಿನ್ ಇರಲಿಲ್ಲ. ಅವನು ಫೋರ್ಡ್ ಕಂಪನಿಯನ್ನು ಒಪ್ಪಿಸಿ ಒಂದು ಲಕ್ಷ ಪೌಂಡ್ ಹಣ ಹೊಂದಿಸಿದ. ಎಂಜಿನ್ ಮಾಡುವ ಕೆಲಸ ಕಾಸ್‌ವರ್ತ್ ಎಂಬ ಚಿಕ್ಕ ಕಂಪನಿಗೆ ಹೋಯಿತು. ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ ಎಂಬ ಇಬ್ಬರು ಸೇರಿ ಕಟ್ಟಿದ ಕಂಪನಿ ಅದು. ಒಬ್ಬನ ಹೆಸರಿನ ತಲೆ, ಇನ್ನೊಬ್ಬನ ಹೆಸರಿನ ಬಾಲ ಜೋಡಿಸಿ ಕಾಸ್‌ವರ್ತ್ ಎಂದು ಇಟ್ಟರು. ಡಕ್‌ವರ್ತ್ ರೂಪಿಸಿದ ಎಂಜಿನ್ನಿನ ಹೆಸರು ಡಿಎಫ್‌ವಿ. ಎಂಟು ಸಿಲಿಂಡರು, ಒಂದೊಂದಕ್ಕೆ ನಾಲ್ಕು ಕವಾಟ. ಶಕ್ತಿ ಸುಮಾರು 400 ಅಶ್ವಶಕ್ತಿ. ನಿಮಿಷಕ್ಕೆ 9000 ಸುತ್ತು, ಅಂದರೆ ಒಂದು ಸೆಕೆಂಡಿಗೆ 150 ಸುತ್ತು. ಒಮ್ಮೆ ಕಣ್ಣು ಮಿಟುಕಿಸಿ ಲೆಕ್ಕ ಹಾಕಿ.

ಇಷ್ಟು ಮಾತ್ರ ಆಗಿದ್ದರೆ ಅದು ಇನ್ನೊಂದು ಬಲವಾದ ಎಂಜಿನ್ ಎನ್ನಿಸಿಕೊಳ್ಳುತ್ತಿತ್ತು. ಲೋಟಸ್ 49ರ ನಿಜವಾದ ವಿಶೇಷ ನಮಗೆ ಗೊತ್ತಾದದ್ದು ಪುಸ್ತಕ ಓದಿ ಅಲ್ಲ, ಕೈಯಲ್ಲಿ ಕಟ್ಟುವಾಗ. ಐದನೆಯ ದಿನ ಕಾರಿನ ಮೈ ಸಿದ್ಧವಾಯಿತು. ಮೂತಿಯಿಂದ ಶುರುವಾಗಿ ಚಾಲಕನ ಬೆನ್ನ ಹಿಂದಕ್ಕೆ ಬಂದು ಅಲ್ಲಿಗೇ ಮುಗಿದುಹೋಯಿತು. ಅರ್ಧ ಕಾರು! ಮೊಮ್ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಅಜ್ಜ, ಎಂಜಿನ್ ಇಡೋಕೆ ಜಾಗವೇ ಇಲ್ಲ. ಹಿಂದಿನ ಚಕ್ರ ಯಾವುದಕ್ಕೆ ಸಿಕ್ಕಿಸೋದು?” ಎಂದಳು.

ಒಳ್ಳೆಯ ಪ್ರಶ್ನೆ. ಮಾಮೂಲಿ ಕಾರಿಗೆ ಮುಂದಿನಿಂದ ಹಿಂದಿನವರೆಗೆ ಒಂದು ಗಟ್ಟಿಯಾದ ಚೌಕಟ್ಟೋ ಮೈಯೋ ಇರುತ್ತದೆ. ಎಂಜಿನ್ ಅದರೊಳಗೆ ಕೂರುತ್ತದೆ, ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ. ಲೋಟಸ್ 49ರಲ್ಲಿ ತೊಟ್ಟಿಲೇ ಇಲ್ಲ. ಅಲ್ಯೂಮಿನಿಯಂ ತಗಡಿನ ಮೈ ಚಾಲಕನ ಹಿಂದೆ ನಿಲ್ಲುತ್ತದೆ. ಅದರ ಬೆನ್ನಿಗೆ ಎಂಜಿನ್ನನ್ನು ನೇರವಾಗಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಎಂಜಿನ್ನಿನ ಹಿಂದೆ ಗೇರ್ ಬಾಕ್ಸು. ಹಿಂದಿನ ಚಕ್ರಗಳ ತೋಳುಗಳೆಲ್ಲ ಎಂಜಿನ್ನು ಮತ್ತು ಗೇರ್ ಬಾಕ್ಸಿಗೇ ಸೇರುತ್ತವೆ. ಕಾರು ತಿರುವಿನಲ್ಲಿ ಹೊರಳುವಾಗ, ಬ್ರೇಕ್ ಹಾಕಿದಾಗ ಬರುವ ಭಾರವೆಲ್ಲ ಎಂಜಿನ್ನಿನ ಮೈ ಮೂಲಕವೇ ಹಾದುಹೋಗಬೇಕು. ಅಂದರೆ ಎಂಜಿನ್ ಕಾರಿನ ಸವಾರನಲ್ಲ, ಕಾರಿನ ಬೆನ್ನೆಲುಬು. ಇಂಥ ಯೋಚನೆ ಅದಕ್ಕೂ ಮೊದಲು ಒಂದೆರಡು ಕಾರುಗಳಲ್ಲಿ ಬಂದಿತ್ತು. ಆದರೆ ಕಾರಿನ ವಿನ್ಯಾಸಕರಾದ ಚಾಪ್‌ಮನ್, ಮಾರಿಸ್ ಫಿಲಿಪ್ ಮತ್ತು ಎಂಜಿನ್ ರೂಪಿಸಿದ ಡಕ್‌ವರ್ತ್ ಸೇರಿ ಎಂಜಿನ್ನನ್ನೂ ಕಾರನ್ನೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಮಾಡಿದ್ದು ಇಲ್ಲಿ. ಚೌಕಟ್ಟಿನ ಭಾರ ಉಳಿಯಿತು. ಚಾಪ್‌ಮನ್‌ಗೆ ಜೀವನವಿಡೀ ಇದ್ದದ್ದು ಅದೇ ಗೀಳು, ಎಲ್ಲಿ ಒಂದು ಗ್ರಾಂ ಇಳಿಸಬಹುದು ಎಂದು. ಇಂದಿಗೂ ಫಾರ್ಮುಲಾ ಒನ್ ಕಾರುಗಳನ್ನು ಕಟ್ಟುವುದು ಈ ಕ್ರಮದಲ್ಲೇ.

ಪ್ಲಾಸ್ಟಿಕ್ಕಿನಲ್ಲೂ ಹಾಗೆಯೇ ಜೋಡಿಸಬೇಕಾಗಿತ್ತು. ಮೈಗೆ ಎಂಜಿನ್, ಎಂಜಿನ್ನಿಗೆ ಗೇರ್ ಬಾಕ್ಸ್, ಅದಕ್ಕೆ ಚಕ್ರದ ತೋಳುಗಳು. ಅಂಟು ಒಣಗಿದ ಮೇಲೆ ಮೂತಿ ಮತ್ತು ಬಾಲ ಹಿಡಿದು ಎತ್ತಿದಳು. ನಡುವೆ ಹಿಡಿದುಕೊಂಡದ್ದು ಎಂಜಿನ್ ಒಂದೇ. ಆಗ ಅವಳ ಮುಖ ನೋಡಬೇಕಿತ್ತು! ಎಂಜಿನ್ನಿನ ಮೇಲೆ ಮುಚ್ಚಳವೂ ಇಲ್ಲದ್ದರಿಂದ ನಾವು ಪಟ್ಟ ಶ್ರಮವೆಲ್ಲ ಹೊರಗೇ ಕಾಣುತ್ತದೆ. ನಡುವೆ ಗಾಳಿ ಎಳೆದುಕೊಳ್ಳುವ ಎಂಟು ತುತ್ತೂರಿಗಳು. ಎರಡು ಪಕ್ಕದಲ್ಲಿ ನಾಲ್ಕು ನಾಲ್ಕು ಹೊಗೆ ಕೊಳವೆಗಳು ಬಳ್ಳಿಗಳಂತೆ ಬಳುಕಿ ಬಂದು ಒಂದೊಂದಾಗಿ ಕೂಡುತ್ತವೆ. ಅವನ್ನು ಕೂರಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಈ ನಡುವೆ ಒಂದು ಕನ್ನಡಿಯ ತುಂಡು ಅವಳ ಚಿಮುಟದಿಂದ ಚಿಮ್ಮಿ ಕಾಣೆಯಾಗಿ, ಸಂಜೆ ದೇವರ ಹೂವಿನ ಬುಟ್ಟಿಯಲ್ಲಿ ಸಿಕ್ಕಿತು. ಅಂದಿನಿಂದ ದೊಡ್ಡ ತಟ್ಟೆಯೊಳಗೆ ಟವೆಲ್ ಹಾಸಿಕೊಂಡೇ ಕೆಲಸ. ಟವೆಲ್ ಮೇಲೆ ಬಿದ್ದ ತುಂಡು ಪುಟಿಯುವುದಿಲ್ಲ.

ಈಗ ನಾನು ಮೊದಲೇ ಹೇಳಿದ ಆ ಮಾತಿಗೆ ಬರುತ್ತೇನೆ. ಚಾಲಕನ ಸೀಟು ಕೂರಿಸಿ ಆಯಿತು. ಮುಂದಿನ ಹಂತದಲ್ಲಿ ಸ್ಟಿಯರಿಂಗ್ ಚಕ್ರ. ಮೊಮ್ಮಗಳು ಪುಸ್ತಿಕೆಯ ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡಿ, “ಅಜ್ಜ, ಸೀಟ್ ಬೆಲ್ಟ್ ಕಳೆದುಹೋಗಿದೆ” ಎಂದಳು. ನಾವು ಮೊದಲ ದಿನವೇ ಎಣಿಸಿದ್ದ ಪಟ್ಟಿ ತೆಗೆದೆವು. ಎಲ್ಲಕ್ಕೂ ಪೆನ್ಸಿಲ್ ಗುರುತು ಇತ್ತು. ಬೆಲ್ಟ್ ಕಳೆದಿರಲಿಲ್ಲ, ಪಟ್ಟಿಯಲ್ಲೇ ಇರಲಿಲ್ಲ. ಕಿಟ್ ಮಾಡಿದವರು ಮರೆತರೇ? ಇಲ್ಲ. 1967ರ ಆ ನಿಜವಾದ ಕಾರಿನಲ್ಲೇ ಬೆಲ್ಟ್ ಇರಲಿಲ್ಲ.

ಅವಳು ನಂಬಲಿಲ್ಲ. ಅವಳಪ್ಪ ಕಾರು ಹತ್ತಿದ ಕೂಡಲೇ ಬೆಲ್ಟ್ ಹಾಕು ಎನ್ನುತ್ತಾನೆ. ಜಗತ್ತಿನಲ್ಲೇ ಅತಿ ವೇಗದ ಕಾರಿಗೆ ಬೆಲ್ಟ್ ಇಲ್ಲವೆಂದರೆ? ಆಗ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆ ಕಾರಿನಲ್ಲಿ ಪೆಟ್ರೋಲ್ ತುಂಬಿದ ರಬ್ಬರ್ ಚೀಲಗಳು ಇದ್ದದ್ದು ಚಾಲಕನ ಎಡಕ್ಕೆ, ಬಲಕ್ಕೆ ಮತ್ತು ಬೆನ್ನ ಹಿಂದೆ. ಆ ತೆಳು ತಗಡಿನ ಮೈಯೊಳಗೆ ಅವನು ಪೆಟ್ರೋಲಿನ ನಡುವೆ ಮಲಗಿದಂತೆ ಕೂತಿರುತ್ತಿದ್ದ. ಅಪಘಾತವಾದರೆ ಬೆಂಕಿ ಹತ್ತುತ್ತದೆ, ಬೆಲ್ಟ್ ಬಿಚ್ಚುತ್ತಾ ಕೂತರೆ ಸುಟ್ಟುಹೋಗುತ್ತೇವೆ, ಅದಕ್ಕಿಂತ ಹೊರಕ್ಕೆ ಎಸೆಯಲ್ಪಡುವುದೇ ಮೇಲು ಎಂದು ಎಷ್ಟೋ ಚಾಲಕರು ನಂಬಿದ್ದರು. ರಸ್ತೆಯ ಪಕ್ಕದಲ್ಲಿ ಮರ, ಕಂಬ, ಹಳ್ಳ. ತಡೆಗೋಡೆ ಎಲ್ಲ ಕಡೆ ಇರಲಿಲ್ಲ. 

ಜಾಕಿ ಸ್ಟುವರ್ಟ್ ಎಂಬ ಸ್ಕಾಟ್ಲೆಂಡಿನ ಚಾಲಕನಿಗೆ 1966ರಲ್ಲಿ ಬೆಲ್ಜಿಯಂನ ಸ್ಪಾ ಎಂಬಲ್ಲಿ ಹೀಗಾಯಿತು. ಮಳೆಯಲ್ಲಿ ಕಾರು ಜಾರಿ ರಸ್ತೆಯಾಚೆಗೆ ಹೋಗಿ ಬಿತ್ತು. ಸ್ಟಿಯರಿಂಗ್ ಚಕ್ರದ ಕೆಳಗೆ ಅವನ ಕಾಲು ಸಿಕ್ಕಿಕೊಂಡಿತು. ಒಡೆದ ಟ್ಯಾಂಕಿನಿಂದ ಪೆಟ್ರೋಲ್ ಸೋರಿ ಮೈಯೆಲ್ಲ ನೆನೆಯುತ್ತಿತ್ತು. ಒಂದು ಕಿಡಿ ಸಾಕಿತ್ತು. ಓಡಿ ಬಂದದ್ದು ಆಂಬುಲೆನ್ಸಿನವರಲ್ಲ, ಜೊತೆಗೆ ಓಟದಲ್ಲಿದ್ದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಸ್ಟಿಯರಿಂಗ್ ಬಿಚ್ಚಲು ಅವರ ಬಳಿ ಸ್ಪ್ಯಾನರ್ ಇರಲಿಲ್ಲ. ನೋಡಲು ಬಂದಿದ್ದವರ ಹತ್ತಿರ ಕೇಳಿ ತಂದು, ಅವನನ್ನು ಹೊರಗೆಳೆಯುವ ಹೊತ್ತಿಗೆ ಸುಮಾರು 25 ನಿಮಿಷ ಆಗಿತ್ತು. ಅಂದಿನಿಂದ ಸ್ಟುವರ್ಟ್ ತನ್ನ ಕಾರಿನಲ್ಲೇ ಒಂದು ಸ್ಪ್ಯಾನರನ್ನು ಟೇಪಿನಿಂದ ಅಂಟಿಸಿಕೊಂಡು ಓಡಿಸತೊಡಗಿದ. ಬೆಲ್ಟ್ ಬೇಕು, ತಡೆಗೋಡೆ ಬೇಕು, ವೈದ್ಯರು ಬೇಕು ಎಂದು ಹಠ ಹಿಡಿದ. ಓಟದ ಮಜಾ ಕೆಡಿಸುತ್ತಾನೆ ಎಂದು ಬೈದವರೂ ಇದ್ದರು. ಆರು ಕಡೆ ಬಿಗಿಯುವ ಬೆಲ್ಟ್ ಕಡ್ಡಾಯವಾದದ್ದು 1972ರಲ್ಲಿ. ಬೈಸಿಕೊಂಡ ಸ್ಟುವರ್ಟ್ ಮೂರು ಸಲ ವಿಶ್ವ ಚಾಂಪಿಯನ್ ಆದ. ಹೆದರುಪುಕ್ಕಲ ಎಂದು ಅವನನ್ನು ಯಾರು ಕರೆದಾರು?

ಲೋಟಸ್ 49ನ್ನು ಓಡಿಸಿದವನು ಇನ್ನೊಬ್ಬ ಸ್ಕಾಟ್, ಜಿಮ್ ಕ್ಲಾರ್ಕ್. 1936ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವನು. ಕುರಿ, ಹೊಲ ನೋಡಿಕೊಂಡಿದ್ದವನು. ಮಾತು ಕಡಿಮೆ, ಉಗುರು ಕಚ್ಚುವ ಅಭ್ಯಾಸ. ಕಾರಿನಲ್ಲಿ ಕೂತರೆ ಮಾತ್ರ ಅವನ ಸಮ ಯಾರೂ ಇರಲಿಲ್ಲ. 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್. 1967ರ ಜೂನ್ 4ರಂದು ನೆದರ್ಲೆಂಡ್ಸಿನ ಸಮುದ್ರದಂಡೆಯ ಮರಳು ದಿಣ್ಣೆಗಳ ನಡುವಿನ ಜಾಂಡ್‌ವೂರ್ಟ್ ಎಂಬಲ್ಲಿ ಲೋಟಸ್ 49ರ ಮೊದಲ ಓಟ. ಕ್ಲಾರ್ಕ್ ಈ ಹೊಸ ಕಾರನ್ನು ಓಡಿಸಿ ನೋಡಿದ್ದೇ ಅಲ್ಲಿಗೆ ಬಂದ ಮೇಲೆ. ಪರೀಕ್ಷೆ ಮಾಡಿದ್ದೆಲ್ಲ ಜೊತೆಗಾರ ಗ್ರಹಾಂ ಹಿಲ್. ಹಿಲ್ ಎಲ್ಲರಿಗಿಂತ ಮುಂದೆ ಹೊರಟರೂ ಅವನ ಎಂಜಿನ್ ಬೇಗನೇ ಕೈಕೊಟ್ಟಿತು. ಎಂಟನೆಯ ಸ್ಥಾನದಿಂದ ಹೊರಟ ಕ್ಲಾರ್ಕ್ ಗೆದ್ದ. ಹೊಸ ಕಾರು, ಹೊಸ ಎಂಜಿನ್, ಮೊದಲ ಓಟ, ಮೊದಲ ಗೆಲುವು. ಆ ಡಿಎಫ್‌ವಿ ಎಂಜಿನ್ ಮುಂದೆ 1983ರವರೆಗೆ ಬೇರೆ ಬೇರೆ ಕಾರುಗಳಲ್ಲಿ ಕೂತು 155 ಗ್ರ್ಯಾಂಡ್ ಪ್ರಿ ಗೆದ್ದಿತು.

ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಕ್ಲಾರ್ಕ್ ಸೋತ ಓಟ ನನಗೆ ಗೆದ್ದವುಗಳಿಗಿಂತ ಇಷ್ಟ. ಟೈರು ಪಂಕ್ಚರ್ ಆಗಿ ಒಂದು ಪೂರ್ತಿ ಸುತ್ತು ಹಿಂದೆ ಬಿದ್ದ. ಅಲ್ಲಿಂದ ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಕಳೆದ ಸುತ್ತನ್ನು ಪೂರ್ತಿ ಮರಳಿ ಗಳಿಸಿ ಎಲ್ಲರಿಗಿಂತ ಮುಂದೆ ಬಂದ. ಕೊನೆಯ ಸುತ್ತಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಿಗದೆ ಕಾರು ನಿಧಾನವಾಯಿತು. ಮೂರನೆಯವನಾಗಿ ಗೆರೆ ದಾಟಿದ.

1968ರ ಹೊಸ ವರ್ಷದ ದಿನ ದಕ್ಷಿಣ ಆಫ್ರಿಕಾದಲ್ಲಿ ಇದೇ ಕಾರಿನಲ್ಲಿ ಅವನ 25ನೆಯ ಗೆಲುವು. ಅಲ್ಲಿಯವರೆಗೆ ಅಷ್ಟು ಯಾರೂ ಗೆದ್ದಿರಲಿಲ್ಲ. ಮೂರು ತಿಂಗಳ ಮೇಲೆ, ಏಪ್ರಿಲ್ 7ರಂದು, ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಚಿಕ್ಕ ದರ್ಜೆಯ ಒಂದು ಓಟದಲ್ಲಿ ಅವನ ಕಾರು ರಸ್ತೆ ಬಿಟ್ಟು ಮರಗಳ ನಡುವೆ ನುಗ್ಗಿತು. ಕ್ಲಾರ್ಕ್ ಉಳಿಯಲಿಲ್ಲ. ಆಗ ಅವನಿಗೆ 32 ವರ್ಷ. ಚರ್ನ್‌ಸೈಡ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿ ಇದೆ. ಅದರ ಕಲ್ಲಿನ ಮೇಲೆ ರೈತ ಎಂಬುದು ಮೊದಲು, ಚಾಂಪಿಯನ್ ಎಂಬುದು ಆಮೇಲೆ.

ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಅಜ್ಜಿಯ ಹೊಲಿಗೆ ಡಬ್ಬಿಯಿಂದ ತೆಳುವಾದ ನೀಲಿ ರಿಬ್ಬನ್ ಹುಡುಕಿ ತಂದಳು. ಸೀಟಿಗೆ ಬೆಲ್ಟ್ ಮಾಡಿ ಹಾಕೋಣ ಎಂದಳು. ನನಗೆ ಇಕ್ಕಟ್ಟಾಯಿತು. ಮಾದರಿ ಎಂದರೆ ಇದ್ದದ್ದು ಇದ್ದ ಹಾಗೆ ಇರಬೇಕು. ಬ್ಯಾಂಕಿನ ಲೆಡ್ಜರಿನಲ್ಲಿ ಹೋದ ವರ್ಷದ ಎಂಟ್ರಿಯನ್ನು ಈ ವರ್ಷ ಅಳಿಸಿ ಬರೆಯುವಂತಿಲ್ಲ, ಅದು ಎಷ್ಟೇ ಬೇಸರದ ಎಂಟ್ರಿ ಆಗಿರಲಿ. ಆದರೆ ಹನ್ನೊಂದು ವರ್ಷದ ಹುಡುಗಿ ಅರ್ಧ ಶತಮಾನದ ಹಿಂದೆ ತೀರಿಕೊಂಡ ಯಾರನ್ನೋ ಉಳಿಸಲು ರಿಬ್ಬನ್ ಹಿಡಿದು ನಿಂತಾಗ ಲೆಡ್ಜರಿನ ಮಾತು ಬಾಯಿಗೆ ಬರುವುದಿಲ್ಲ. “ನೀನೇ ಯೋಚಿಸಿ ಹೇಳು” ಎಂದೆ. ಮಾರನೆಯ ಬೆಳಿಗ್ಗೆ ಅವಳೇ ಹೇಳಿದಳು. ಬೆಲ್ಟ್ ಹಾಕುವುದು ಬೇಡ, ಹಾಕಿದರೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಅದರ ಬದಲು ಕಾರಿನ ಮುಂದೆ ಒಂದು ಚೀಟಿ ಇಡೋಣ.

ಇನ್ನು ಬಣ್ಣ. ಆ ಕಾಲದಲ್ಲಿ ದೇಶಕ್ಕೊಂದು ಬಣ್ಣ. ಇಟಲಿಯ ಕಾರು ಕೆಂಪು, ಫ್ರಾನ್ಸಿನದು ನೀಲಿ, ಜಪಾನಿನದು ಬಿಳಿಯ ಮೇಲೆ ಕೆಂಪು ಸೂರ್ಯ, ಇಂಗ್ಲೆಂಡಿನದು ಕಡು ಹಸಿರು. ಲೋಟಸ್ ತಂಡದವರು ಹಸಿರಿನ ನಡುವೆ ಹಳದಿ ಪಟ್ಟಿ ಹಾಕುತ್ತಿದ್ದರು. 1968ರಲ್ಲಿ ಅದೇ ತಂಡ ಒಂದು ಸಿಗರೇಟಿನ ಜಾಹೀರಾತು ಹಿಡಿದು ಕಾರನ್ನೆಲ್ಲ ಆ ಪ್ಯಾಕಿನ ಕೆಂಪು, ಬಿಳಿ, ಚಿನ್ನದ ಬಣ್ಣಕ್ಕೆ ಬದಲಾಯಿಸಿತು. ಆ ವರ್ಷದ ಕಾರಿನ ಕಿಟ್ ಕೂಡ ಸಿಗುತ್ತದೆ, ಚೆಂದವೂ ಇರಬಹುದು. ನಮ್ಮ ಮನೆಯ ಕಪಾಟಿನಲ್ಲಿ ಚಕ್ರ ಇರುವ ಸಿಗರೇಟ್ ಪ್ಯಾಕು ನನಗೆ ಬೇಡ.

ಹಸಿರು ಬಣ್ಣ ಸ್ಪ್ರೇ ಡಬ್ಬಿಯದು. ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಅದರೊಳಗೆ ಕಾರಿನ ಮೈ ಇಟ್ಟು, ತಾರಸಿಯ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸ್ಪ್ರೇ ಮಾಡಬೇಕು. ಮಲೆನಾಡಿನ ಅಂಚಿನ ನಮ್ಮಂಥ ಊರಿನವರು ಒಂದು ಮಾತು ನೆನಪಿಡಿ. ಮಳೆಗಾಲದ ತೇವದ ಹವೆಯಲ್ಲಿ ಸ್ಪ್ರೇ ಮಾಡಿದರೆ ಬಣ್ಣದ ಮೇಲೆ ಹಾಲಿನಂಥ ಮಬ್ಬು ಕೂರುತ್ತದೆ. ದಸರೆಯ ಹೊತ್ತಿನಲ್ಲೂ ಎರಡು ದಿನ ಜಡಿಮಳೆ ಹಿಡಿದು, ನಾವು ಬಿಸಿಲಿಗಾಗಿ ಕಾದು ಕೂತೆವು. ದಪ್ಪಗೆ ಒಂದೇ ಸಲ ಬಳಿದರೆ ಬಣ್ಣ ಸುರಿದು ಹೋಗುತ್ತದೆ. ತೆಳುವಾಗಿ ಮೂರು ಸಲ, ನಡುವೆ ಒಣಗಲು ಬಿಡುವು. ಹಳದಿ ಪಟ್ಟಿ ಮತ್ತು ಸಂಖ್ಯೆಗಳು ಅಂಟಿಸುವ ಚಿತ್ರದ ಹಾಳೆಯಲ್ಲಿರುತ್ತವೆ. ಬೇಕಾದ್ದನ್ನು ಕತ್ತರಿಸಿ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಟ್ಟರೆ ಚಿತ್ರ ಕಾಗದದಿಂದ ಬಿಡುತ್ತದೆ. ಆಗ ಅದನ್ನು ಎತ್ತಬಾರದು, ಕಾಗದದ ಮೇಲಿಂದ ಕಾರಿನ ಮೈಮೇಲೆ ಜಾರಿಸಬೇಕು. ಸ್ಥಾನ ಸರಿಮಾಡಿ ಒದ್ದೆ ಕುಂಚದಿಂದ ಗಾಳಿಗುಳ್ಳೆ ಒತ್ತಿ ತೆಗೆಯಬೇಕು.

ಇಷ್ಟಾಗುವಷ್ಟರಲ್ಲಿ ರಜೆ ಮುಗಿಯಿತು. ಹಸಿರು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ನಾನೇ ಮುಗಿಸಬಹುದಿತ್ತು, ಆದರೆ ಮುಟ್ಟಬೇಡಿ ಎಂದು ಕಟ್ಟಪ್ಪಣೆ ಆಗಿತ್ತು. ಮೂರು ವಾರ ಕಾರು ಪಾತ್ರೆಯೊಂದರ ಕೆಳಗೆ ಧೂಳು ತಗಲದಂತೆ ಕೂತಿತ್ತು. ದೀಪಾವಳಿಗೆ ಬಂದವಳು ಎಣ್ಣೆಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ನೀರಿನ ಬಟ್ಟಲು ತಂದಳು. ಮೂತಿಯ ಮೇಲೆ ಹಳದಿ ಪಟ್ಟಿ ಜಾರಿಸಿದಳು. ಆಮೇಲೆ ಜಾಂಡ್‌ವೂರ್ಟ್‌ನಲ್ಲಿ ಕ್ಲಾರ್ಕ್ ಕಾರಿಗಿದ್ದ 5ನೆಯ ನಂಬರು. ನಾನು ಭೂತಗನ್ನಡಿ ಹಿಡಿದುಕೊಂಡಿದ್ದೆ.

ಕಾರು ಈಗ ಟಿ.ವಿ. ಪಕ್ಕದ ಗಾಜಿನ ಕಪಾಟಿನಲ್ಲಿದೆ, ನೇರ ಬಿಸಿಲು ಬೀಳದ ಕಡೆ. ಬಿಸಿಲಿಗೆ ಪ್ಲಾಸ್ಟಿಕ್ ಬಾಗುತ್ತದೆ, ಬಣ್ಣ ಮಾಸುತ್ತದೆ. ಅದರ ಮುಂದೆ ಅವಳ ಅಕ್ಷರದಲ್ಲಿ ಚೀಟಿ: “ಲೋಟಸ್ 49. ವರ್ಷ 1967. ಓಡಿಸಿದವರು ಜಿಮ್ ಕ್ಲಾರ್ಕ್, ರೈತರು. ಈ ಕಾರಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ನಾವು ಕಳೆದಿಲ್ಲ.” ಮನೆಗೆ ಬಂದವರು ಕಾರಿಗಿಂತ ಮೊದಲು ಚೀಟಿ ಓದುತ್ತಾರೆ, ಕೊನೆಯ ಸಾಲಿಗೆ ನಗುತ್ತಾರೆ, ಆಮೇಲೆ ಬಗ್ಗಿ ಸೀಟಿನೊಳಗೆ ಇಣುಕಿ ನೋಡುತ್ತಾರೆ.